ಬೆಂಗಳೂರಲ್ಲಿರೋ ದೋಸ್ತಿಗೊಂದು ಪತ್ರ: ಮಳೆ ಹಿಡಿಯೋ ಮೊದ್ಲೇ ಬಾಯಿಪಾಠ

ಮಾರಾಯ,

ನೀನು ಮೆಸೇಜ್ ಹಾಕಿ ನಾಲ್ಕು ದಿನ ಆಯ್ತು, ಉತ್ತರ ಕೊಡ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಆಫೀಸಲ್ಲಿ ಜನ ತೆಗೀತಾ ಇದ್ದಾರೆ, ಅಪ್ಪನ ಶುಗರ್ ಬೇರೆ ಏರಿದೆ, ದೊಡ್ಡದೇನಾದ್ರೂ ಬಂದ್ರೆ ತಡ್ಕೊಳ್ಳೋ ಹಾಗೆ ಬೈಬಲಲ್ಲಿ ಯಾವ್ದು ಓದ್ಬೇಕು ಒಂದು ಲಿಸ್ಟ್ ಕಳಿಸು ಅಂತ ಕೇಳಿದ್ಯಲ್ಲ, ಲಿಸ್ಟ್ ಕಳಿಸುದು ಎರಡು ನಿಮಿಷದ ಕೆಲ್ಸ, ಗೂಗಲ್ ಮಾಡಿದ್ರೂ ಸಿಕ್ತದೆ. ಆದ್ರೆ ಲಿಸ್ಟ್ ಮೊಬೈಲಲ್ಲಿ ಇಟ್ಕೊಂಡು ಎಂತ ಮಾಡ್ತಿ? ನನಗೆ ಆದದ್ದು ಹೇಳ್ತೇನೆ ಕೇಳು, ಉದ್ದ ಆಗ್ತದೆ, ಸಹಿಸ್ಕೋ.

ಹೋದ ವರ್ಷ ಅಮ್ಮನಿಗೆ ಸ್ಟ್ರೋಕ್ ಆಯ್ತಲ್ಲ. ಆ ರಾತ್ರಿ ಐಸಿಯು ಹೊರಗೆ ಕಬ್ಬಿಣದ ಕುರ್ಚಿ, ಗಂಟೆ ಎರಡೂವರೆ, ಮೊಬೈಲಲ್ಲಿ ಚಾರ್ಜ್ 4 ಪರ್ಸೆಂಟ್, ಬೈಬಲ್ ಆ್ಯಪ್ ಒತ್ತಿದ್ರೆ ಅದು ಸುತ್ತುತ್ತಾ ಉಂಟು, ಓಪನ್ ಆಗುದಿಲ್ಲ. ಪ್ರಾರ್ಥನೆ ಮಾಡುವ ಅಂತ ಕಣ್ಣು ಮುಚ್ಚಿದ್ರೆ "ದೇವರೇ" ಅಂದ ಮೇಲೆ ಮುಂದೆ ಮಾತೇ ಇಲ್ಲ. ಚರ್ಚಲ್ಲಿ ಎದ್ದು ನಿಂತ್ರೆ ಹತ್ತು ನಿಮಿಷ ನಿಲ್ಲಿಸದ ಜನ ನಾನು, ನಿನಗೆ ಗೊತ್ತುಂಟಲ್ಲ, ನೀನೇ ಎಷ್ಟೋ ಸಲ ವಾಚ್ ತೋರಿಸಿದ್ದಿ. ಹಾಗೆ ಕೂತವನಿಗೆ ಎಲ್ಲಿಂದಲೋ ಬಾಯಿಗೆ ಬಂತು, "ಯೆಹೋವನು ನನಗೆ ಕುರುಬನು, ಕೊರತೆಪಡೆನು." 23ನೇ ಕೀರ್ತನೆ, ಬೈಬಲಿನ ಹಾಡುಗಳಲ್ಲಿ ಒಂದು, ಸಂಡೇ ಸ್ಕೂಲಲ್ಲಿ ಕಲ್ತದ್ದು. ಕೊರತೆಪಡೆನು ಅಂದ್ರೆ ನನಗೆ ಯಾವುದೂ ಕಮ್ಮಿ ಆಗುದಿಲ್ಲ ಅಂತ, ಅದೂ ಗೊತ್ತಿರ್ಲಿಲ್ಲ ಆಗ, ತಪ್ಪಿಲ್ಲದೆ ಹೇಳಿದ್ರೆ ಟೀಚರ್ ಪೆಪ್ಪರ್ಮೆಂಟ್ ಕೊಡ್ತಾರೆ ಅಂತ ಬಾಯಿಪಾಠ ಮಾಡಿದ್ದು ಅಷ್ಟೆ. ಆ ಪೆಪ್ಪರ್ಮೆಂಟಿನ ಪಾಠ ಮೂವತ್ತು ವರ್ಷ ಆದ್ಮೇಲೆ ಕೆಲ್ಸಕ್ಕೆ ಬಂತು ಮಾರಾಯ. ಬೆಳಗಾಗುವ ತನಕ ಅದನ್ನೇ ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ. ಆವಾಗಲೇ ಒಂದು ಗಮನಕ್ಕೆ ಬಂದದ್ದು, ಹಸುರುಗಾವಲು, ನೀರು ಎಲ್ಲ ಇರುವಾಗ ಆ ಕೀರ್ತನೆಯವ ದೇವರ ಬಗ್ಗೆ "ಆತನು ಆತನು" ಅಂತ ಮಾತಾಡ್ತಾನೆ, ಕಾರ್ಗತ್ತಲಿನ ಕಣಿವೆ ಬಂದ ಕೂಡ್ಲೆ "ನೀನು" ಅಂತಾನೆ, "ನೀನು ಹತ್ತಿರವಿರುವದರಿಂದ." ಅಷ್ಟು ವರ್ಷ ಹೇಳಿದ್ದೇನೆ, ಒಂದು ದಿನ ಕಾಣ್ಲಿಲ್ಲ ನನಗೆ.

ಅದಾದ್ಮೇಲೆ ನಾನು ಬೈಬಲ್ ಓದುವ ರೀತಿಯೇ ಬದಲಾಯ್ತು. ಕಷ್ಟ ಬಂದಾಗ ಅವರೆಲ್ಲ ಎಂತ ಮಾಡಿದ್ರು ಅಂತ ನೋಡ್ತಾ ಹೋದೆ, ಹೆಚ್ಚಿನವರು ಹೊಸತೇನೂ ಮಾಡ್ಲೇ ಇಲ್ಲ. ದಾನಿಯೇಲನನ್ನೇ ನೋಡು, 6ನೇ ಅಧ್ಯಾಯ, ರಾಜನನ್ನು ಬಿಟ್ಟು ಬೇರೆ ಯಾರಿಗೆ ಪ್ರಾರ್ಥನೆ ಮಾಡಿದ್ರೂ ಸಿಂಹದ ಗವಿಗೆ ಹಾಕುದು ಅನ್ನುವ ಆರ್ಡರಿಗೆ ರಾಜ ಸೈನ್ ಹಾಕಿ ಆಗಿದೆ, ಇವ ಮನೆಗೆ ಹೋಗಿ ಮೇಲಿನ ಕೋಣೆಯಲ್ಲಿ ಜೆರುಸಲೇಮಿನ ಕಡೆಯ ಕಿಟಕಿ ಹತ್ರ ದಿನಕ್ಕೆ ಮೂರು ಸಲ ಮೊಣಕಾಲೂರಿದ, ಅದುವರೆಗೆ ಹೇಗೆ ಮಾಡ್ತಿದ್ದನೋ ಹಾಗೆ. ಉಪವಾಸ ಕೂಟ ಇಡಿಸ್ಲಿಲ್ಲ, ವಾಟ್ಸಾಪ್ ಗ್ರೂಪ್ ಮಾಡ್ಲಿಲ್ಲ. ಯೋನ ಮೀನಿನ ಹೊಟ್ಟೆಯಲ್ಲಿ ಮಾಡಿದ ಪ್ರಾರ್ಥನೆ ಓದಿದ್ರೆ ಅರ್ಧಕ್ಕರ್ಧ ಕೀರ್ತನೆಗಳ ಮಾತೇ, ಅಲ್ಲಿ ಅವನ ಹತ್ರ ಪುಸ್ತಕ ಎಲ್ಲಿಂದ! ಯೇಸು ಕೂಡ ಶಿಲುಬೆ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು, ಜೀವ ಬಿಡುವಾಗ ಹೇಳಿದ್ದು 31ನೇದರ ಸಾಲು. ಮೊಳೆ ಹೊಡೆದ ಕೈಯಲ್ಲಿ ಪುಟ ತಿರುಗಿಸ್ಲಿಕ್ಕೆ ಆಗ್ತದಾ, ಒಳಗೆ ಇದ್ದದ್ದು ಹೊರಗೆ ಬಂತು.

ನಮ್ಮಮ್ಮ ಮೇ ತಿಂಗಳಲ್ಲೇ ಹಂಚು ಸರಿ ಮಾಡಿಸಿ, ಸೌದೆ ಒಳಗೆ ಹಾಕಿಸಿ, ಹಲಸಿನ ಸೊಳೆ ಉಪ್ಪಿಗೆ ಹಾಕಿ, ಒಣಮೀನು ಡಬ್ಬದಲ್ಲಿ ತುಂಬಿಸಿ ಇಡ್ತಿದ್ರು. ಮಳೆ ಹಿಡಿದ ಮೇಲೆ ಹಂಚು ಹತ್ತುವವ ಸಿಗುದಿಲ್ಲ, ಸಿಕ್ಕಿದ್ರೂ ಜಾರ್ತದೆ. ನೀನು ಲಿಸ್ಟ್ ಕೇಳಿದಾಗ ನನಗೆ ನೆನಪಾದದ್ದು ಅದೇ.

ಒಂದು ಮಾತು, ಹೇಳಿದ್ರೆ ಸಿಟ್ಟಾಗ್ಬೇಡ. ನೀನು ಫಾರ್ವರ್ಡ್ ಮಾಡಿದ 91ನೇ ಕೀರ್ತನೆಯ ಫೋಟೋ, ಬಾಗಿಲಿಗೆ ಅಂಟಿಸಿದ್ರೆ ಯಾವ ಕೇಡೂ ಬರುದಿಲ್ಲ ಅನ್ನುವಂಥದ್ದು, 2020ರ ಲಾಕ್‌ಡೌನಲ್ಲೂ ಊರಿಡೀ ಓಡಾಡಿತ್ತು. ಚರ್ಚ್ ಬಾಗಿಲು ಮುಚ್ಚಿ ಈಸ್ಟರ್ ಕೂಡ ಮನೆಯಲ್ಲೇ ಆದ ವರ್ಷ. ಆ ಕೀರ್ತನೆ ನನಗೂ ಇಷ್ಟವೇ, ಆದ್ರೆ ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ ಕೆಳಗೆ ಹಾರು ಅಂತ ಹೇಳುವಾಗ ಸೈತಾನ ಕೋಟ್ ಮಾಡಿದ್ದೂ ಅದನ್ನೇ, ಮತ್ತಾಯ 4 ತೆಗೆದು ನೋಡು. ತಾಯತ ಮಾಡ್ಲಿಕ್ಕೆ ಇರುದಲ್ಲ ಅದು. ಯೇಸುವೇ ಹೇಳಿದ ಬಂಡೆ ಮೇಲಿನ ಮನೆ, ಮರಳ ಮೇಲಿನ ಮನೆ ಕಥೆ ಉಂಟಲ್ಲ, ಎರಡು ಮನೆಗೂ ಬಂದದ್ದು ಅದೇ ಮಳೆ, ಅದೇ ಹೊಳೆ, ಅದೇ ಗಾಳಿ. 2020 ಸೆಪ್ಟೆಂಬರ್ 20, ಆದಿತ್ಯವಾರ, ಇಲ್ಲಿ ಉಡುಪಿಯಲ್ಲಿ ನೆರೆ ಬಂದು ಕಲ್ಸಂಕದ ರಸ್ತೆಯೇ ಹೊಳೆ ಆಗಿತ್ತು ನೆನಪುಂಟಾ, ನೀರು ಯಾರ ಮನೆಯಲ್ಲಿ ಬೈಬಲ್ ಉಂಟು ಅಂತ ಕೇಳಿ ಒಳಗೆ ಬಂತಾ?

ಇನ್ನು ಅಪೊಸ್ತಲರ ಕೃತ್ಯಗಳು 27, ಯೇಸುವಿನ ಸುದ್ದಿ ಸಾರ್ತಿದ್ದ ಪೌಲನನ್ನು ಖೈದಿ ಮಾಡಿ ಹಡಗಲ್ಲಿ ರೋಮಿಗೆ ಕರ್ಕೊಂಡು ಹೋಗುವ ಕಥೆ. ಇದನ್ನು ಮಲ್ಪೆ ಬಂದರಿನ ಕಡೆಯವರು ಓದ್ಬೇಕು, ಅವರಿಗೆ ವಿವರಿಸ್ಲಿಕ್ಕೇ ಬೇಡ. ನಮ್ಮಲ್ಲಿ ಜೂನ್ ಒಂದರಿಂದ 61 ದಿನ ಬೋಟ್ ಬಂದ್ ಇರ್ತದಲ್ಲ, ಅವರ ಸಮುದ್ರದಲ್ಲಿ ಚಳಿಗಾಲಕ್ಕೆ ಹಾಗೆ, ಯೆಹೂದ್ಯರ ಉಪವಾಸದ ದಿನ ದಾಟಿತು ಅಂದ್ರೆ ಹಡಗು ಹೊರಡಿಸುದು ಅಪಾಯ. ಪೌಲ ಬೇಡ ಅಂದ, ಕಾವಲಿಗಿದ್ದ ರೋಮಿನ ಸೇನಾಧಿಕಾರಿ, ಶತಾಧಿಪತಿ, ಕೇಳಿದ್ದು ಹಡಗಿನ ಯಜಮಾನನ ಮಾತು. ಹೋಯ್ತು, ಬಿರುಗಾಳಿ, 276 ಜನ, ಹದಿನಾಲ್ಕನೇ ರಾತ್ರಿ, ಸೂರ್ಯನೂ ಇಲ್ಲ ನಕ್ಷತ್ರವೂ ಇಲ್ಲ. ಆಳ ಕಮ್ಮಿ ಆಗ್ತಾ ಬಂತು ಅಂತ ಗೊತ್ತಾದಾಗ ಹಿಂಭಾಗದಿಂದ ನಾಲ್ಕು ಲಂಗರು ಬಿಟ್ಟು ಯಾವಾಗ ಬೆಳಗಾಗ್ತದೆ ಅಂತ ಕಾದ್ರು. ಹಡಗಿನ ಕೆಲಸದವರು ಮೆಲ್ಲ ಸಣ್ಣ ದೋಣಿ ಇಳಿಸಿ ಓಡಿ ಹೋಗ್ಲಿಕ್ಕೂ ನೋಡಿದ್ರು, ಹೇಳಿದ್ದು ಮುಂಭಾಗದಲ್ಲಿ ಲಂಗರು ಹಾಕ್ತೇವೆ ಅಂತ! ಅಂಥದ್ರಲ್ಲಿ ಬೆಳಗಾಗುವ ಹೊತ್ತಿಗೆ ಪೌಲ ಮಾಡಿದ್ದು ಎಂತ ಅಂದ್ರೆ, ಊಟ ಮಾಡಿ ಅಂತ ಎಲ್ಲರಿಗೂ ಹೇಳಿ, ರೊಟ್ಟಿ ತಗೊಂಡು ಎಲ್ಲರ ಎದುರು ಸ್ತೋತ್ರ ಮಾಡಿ ಮುರಿದು ತಿಂದ. ಅವ ಖೈದಿ ಬೇರೆ. ಹಡಗು ಉಳೀಲಿಲ್ಲ, ಚೂರಾಯ್ತು, ಜನ ಈಜಿಯೋ ಹಲಗೆ ಹಿಡ್ಕೊಂಡೋ ಮಾಲ್ಟಾ ದಡ ಸೇರಿದ್ರು. ನಿನ್ನ ಕೆಲ್ಸ ಉಳೀತದೆ ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ ದೋಸ್ತ, ಹಡಗು ಹೋಗ್ಲೂಬಹುದು.

ಹಾಗಾಗಿ ಲಿಸ್ಟ್ ಇಲ್ಲ, ಒಂದೇ ಒಂದು ಕಳಿಸ್ತೇನೆ, 46ನೇ ಕೀರ್ತನೆ. "ದೇವರು ನಮಗೆ ಆಶ್ರಯದುರ್ಗವಾಗಿದ್ದಾನೆ, ಆತನು ಇಕ್ಕಟ್ಟಿನಲ್ಲಿ ನಮಗೆ ವಿಶೇಷ ಸಹಾಯಕನು." ಇಕ್ಕಟ್ಟು ಅನ್ನುವ ಪದ ಎಷ್ಟು ಸರಿ ಹಾಕಿದ್ದಾರೆ ನೋಡು, ಹೀಬ್ರೂವಿನಲ್ಲೂ ಆ ಪದದ ಬೇರು ಇರುಕಲು ಜಾಗ ಅಂತಲೇ. ಸಂಜೆ ಆರು ಗಂಟೆಗೆ ಉಡುಪಿ ಎಕ್ಸ್‌ಪ್ರೆಸ್ ಬಸ್ಸಲ್ಲಿ ನಿಂತವನಿಗೆ ಬೇರೆ ಡಿಕ್ಷನರಿ ಬೇಡ. ದಿನಕ್ಕೆ ಒಂದು ವಚನ, ಹನ್ನೊಂದು ಉಂಟು, ಗಟ್ಟಿಯಾಗಿ ಬಾಯಿಬಿಟ್ಟು ಹೇಳು, ಮನಸ್ಸಲ್ಲಿ ಓದಿದ್ರೆ ಉಳಿಯುದಿಲ್ಲ. ಅದಾದ್ಮೇಲೆ 13ನೇದು, "ಎಷ್ಟರವರೆಗೆ" ಅಂತ ನಾಲ್ಕು ಸಲ ದೇವರ ಹತ್ರ ಜಗಳ ಮಾಡುವಂಥದ್ದು. 88 ಕೂಡ ಬೇಕಾದ್ರೆ ಓದಿಟ್ಟುಕೋ, ಅದು ಕೊನೆ ತನಕ ಕತ್ತಲೆಯೇ, ಒಂದು ಸಮಾಧಾನದ ಸಾಲು ಇಲ್ಲದೆ ಮುಗೀತದೆ, ಅಂಥ ರಾತ್ರಿಯಲ್ಲಿ ಸಮಾಧಾನ ಹೇಳುವವರಿಗಿಂತ ಅದು ಲೇಸು ಅಂತ ನನ್ನ ಅನುಭವ. ಮತ್ತೆ ಅಪ್ಪನ ಇನ್ಶೂರೆನ್ಸ್ ರಿನ್ಯೂ ಮಾಡಿದ್ಯಾ ಇಲ್ವಾ? ಈಜಿಪ್ಟಲ್ಲಿ ಬರ ಬರ್ತದೆ ಅಂತ ಮೊದಲೇ ತಿಳಿದ ಯೋಸೇಫ ಸುಗ್ಗಿಯ ಏಳು ವರ್ಷ ಬೆಳೆಯಲ್ಲಿ ಐದನೇ ಒಂದು ಪಾಲು ಎತ್ತಿಡಿಸಿದವ, ಬರೀ ಪ್ರಾರ್ಥನೆ ಮಾಡ್ತಾ ಕೂತವ ಅಲ್ಲ.

ಅಮ್ಮ ಈಗ ಗೋಡೆ ಹಿಡ್ಕೊಂಡು ಅಡಿಗೆಮನೆ ತನಕ ಬರ್ತಾರೆ, ಉಪ್ಪು ಕಮ್ಮಿ ಅಂತ ನನಗೆ ಬೈಯುವಷ್ಟು ಮಾತು ಬಂದಿದೆ. ನಿನ್ನನ್ನು ಕೇಳಿದ್ರು. ಆದಿತ್ಯವಾರ ಸಂಜೆ ಫೋನ್ ಮಾಡ್ತೇನೆ, 46ರಲ್ಲಿ ಮೊದಲ ಮೂರು ವಚನ ಪುಸ್ತಕ ನೋಡದೆ ಹೇಳ್ಬೇಕು. ಪೆಪ್ಪರ್ಮೆಂಟ್ ಇಲ್ಲ, ಊರಿಗೆ ಬಂದಾಗ ಬಂಗುಡೆ ಮೀನಿನ ಪುಳಿಮುಂಚಿ.

ನಿನ್ನ ದೋಸ್ತ
ಉಡುಪಿ