ಧಾರಾವಾಹೀಲಿ ಮದುವೆ ಆಯ್ತು ಸರಿ, ಜಗಳ ಯಾಕೆ ನಿಲ್ಲಿಸಿದ್ರಿ?

ಮಾನ್ಯ ಸಂಪಾದಕರೇ,

ನಿಮ್ಮ ವಾರದ ಪುರವಣೀಲಿ ಬರ್ತಾ ಇರೋ, ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ರೀಜೆನ್ಸಿ ಕಾಲದ ಧಾರಾವಾಹಿ ಬಗ್ಗೆ ಈ ಪತ್ರ. ಅದೇ, ಸಾಮರ್ಸೆಟ್ ಕಡೆಯ ಒಬ್ಬ ಅರ್ಲ್ ಸಾಹೇಬ (ಅರ್ಲ್ ಅಂದ್ರೆ ಪಾರ್ಲಿಮೆಂಟಲ್ಲೂ ಕೂರೋ ದೊಡ್ಡ ಬಿರುದಿನ ಲಾರ್ಡು), ಪಕ್ಕದ ಎಸ್ಟೇಟಿನ ಯಜಮಾನಿ, ಇಬ್ಬರ ಜಮೀನಿನ ಮಧ್ಯೆ ಹರಿಯೋ ಹಳ್ಳದ ನೀರಿಗೆ ಅಪ್ಪಂದಿರ ಕಾಲದಿಂದ ಕೋರ್ಟು ಕಚೇರಿ, ಆಮೇಲೆ ಒಂದಿನ ಮಳೆ ಬಂತು ಅಂತ ಇಬ್ರೂ ಒಂದೇ ಗಾಜಿನ ಮನೆಯೊಳಗೆ ಓಡಿ ಹೋಗಿ, ಅದನ್ನ ಅವಳ ಚಿಕ್ಕಮ್ಮ ನೋಡಿ, ಊರೆಲ್ಲಾ ಗುಲ್ಲಾಗಿ, ಬೇರೆ ದಾರಿ ಇಲ್ದೆ ಮದುವೆ ಆಗೋ ಕತೆ. ಮೊದಲ ಕಂತುಗಳು ಚೆನ್ನಾಗಿದ್ವು, ನಗು ಬಂತು. ಆದ್ರೆ ಮದುವೆ ಆದ ಮರುವಾರದಿಂದ್ಲೇ ಆ ಹುಡುಗಿ ಕಿಟಕಿ ಹತ್ರ ನಿಂತು ನಿಟ್ಟುಸಿರು ಬಿಡೋಕೆ ಶುರು ಮಾಡಿದಾಳೆ, ಅವನು ಬಾಗಿಲ ಹತ್ರ ನಿಂತು ಅದನ್ನ ನೋಡೋಕೆ ಶುರು ಮಾಡಿದಾನೆ, ಹಳ್ಳದ ಸುದ್ದೀನೇ ಇಲ್ಲ. ಅಷ್ಟು ಚೆನ್ನಾಗಿ ಬೈತಿದ್ದ ಇಬ್ಬರನ್ನ ಯಾಕ್ರೀ ಹಿಂಗೆ ಮೆತ್ತಗೆ ಮಾಡಿದ್ರಿ?

ನನಗೆ ಅನ್ಸೋದು ಇಷ್ಟೇ, ಲೇಖಕರು ಆ ಕಾಲದಿಂದ ಗೌನು, ಕ್ಯಾಂಡಲ್ಲು, ಕುದುರೆ ಗಾಡಿ ಎಲ್ಲಾ ತಗೊಂಡ್ರು, ಆದ್ರೆ ನಗು ಎಲ್ಲಿತ್ತೋ ಅದನ್ನ ಅಲ್ಲೇ ಬಿಟ್ಟು ಬಂದ್ರು. ಹಟಮಾರಿಗಳಿಬ್ಬರನ್ನ ಕಟ್ಟಿಹಾಕಿ ತಮಾಷೆ ನೋಡೋಕೆ ಆಗಿನ ಇಂಗ್ಲೆಂಡಿನ ಮದುವೆ ಕಾನೂನಿಗಿಂತ ಒಳ್ಳೆ ವ್ಯವಸ್ಥೆ ಬೇಕಾ?

ಮೊದಲು ಈ ಬಲವಂತ ಅನ್ನೋದನ್ನೇ ನೋಡಿ. 21 ದಾಟಿದ ಗಂಡು ಹೆಣ್ಣಿಗೆ ನೀವು ಮದುವೆ ಆಗ್ಲೇಬೇಕು ಅಂತ ಹೇಳೋ ಅಧಿಕಾರ ಆಗ ಯಾವ ಕೋರ್ಟಿಗೂ ಇರಲಿಲ್ಲ. ಹಿಂದೆ ಮಾತು ಕೊಟ್ಟಿದಾನೆ, ಮದುವೆ ಮಾಡ್ಸಿ ಅಂತ ಚರ್ಚ್ ಕೋರ್ಟಿಗೆ ಹೋಗೋ ದಾರಿ ಇತ್ತು, ಲಾರ್ಡ್ ಹಾರ್ಡ್‌ವಿಕ್ ತಂದ 1753ರ ಮದುವೆ ಕಾಯ್ದೆ ಅದನ್ನೂ ಮುಚ್ಚಿಬಿಡ್ತು. ಅಂದ್ರೆ ನಿಮ್ಮ ಕತೇಲಿ ಇಬ್ಬರೂ ಆಗಲ್ಲ ಹೋಗಿ ಅಂದಿದ್ರೆ ಯಾರೂ ಏನೂ ಮಾಡೋ ಹಾಗಿರಲಿಲ್ಲ, ಅವರನ್ನ ತಳ್ಳಿದ್ದು ಊರವರ ಬಾಯಿ. ಆದ್ರೆ ಒಳಗೆ ಹೋದ್ಮೇಲೆ ಬಾಗಿಲು ಹಾಕಿ ಚಿಲಕ ಜಡಿಯೋದು ಮಾತ್ರ ಪಕ್ಕಾ ಕಾನೂನೇ. ಹನ್ನೊಂದನೇ ಕಂತಲ್ಲಿ ನಾಯಕಿ "ನಾಳೆನೇ ನಿನಗೆ ಡಿವೋರ್ಸ್ ಕೊಡ್ತೀನಿ" ಅಂತ ಕೂಗ್ತಾಳಲ್ಲ, ಯಾರಿಗೆ ಕೊಡ್ತಾಳಮ್ಮಾ? ಮತ್ತೆ ಮದುವೆ ಆಗೋ ಹಾಗೆ ಪೂರ್ತಿ ಬಿಡುಗಡೆ ಬೇಕು ಅಂದ್ರೆ ಪಾರ್ಲಿಮೆಂಟಲ್ಲಿ ಒಂದು ಪ್ರತ್ಯೇಕ ಕಾಯ್ದೆನೇ ಪಾಸಾಗ್ಬೇಕಿತ್ತು, ನಿಮ್ಮಿಬ್ಬರಿಗೋಸ್ಕರ! ಹೆಂಗಸರಲ್ಲಿ ಮೊದಲನೆಯವಳಿಗೆ ಅದು ಸಿಕ್ಕಿದ್ದು 1801ರಲ್ಲಿ, 1857ರಲ್ಲಿ ಕಾನೂನು ಬದಲಾಗೋವರೆಗೆ ಒಟ್ಟು ನಾಲ್ಕೇ ಜನ ಹೆಂಗಸರಿಗೆ ಸಿಕ್ಕಿದ್ದು. ಹಾಗಾಗಿ ಅವಳು ಹಾಗೆ ಕೂಗಿದಾಗ ಅರ್ಲ್ ಮುಖ ಬಾಡ್ಸ್ಕೊಂಡು ಹೋಗೋದಲ್ಲ, ಪಾರ್ಲಿಮೆಂಟಲ್ಲಿ ನಾನೂ ಒಬ್ಬ ಮೆಂಬರು, ನಿನ್ನ ಬಿಲ್ಲಿಗೆ ವಿರೋಧವಾಗಿ ನಾನೇ ಭಾಷಣ ಮಾಡ್ತೀನಿ ಅನ್ಬೇಕಿತ್ತು.

ಮದುವೆ ದಿನದ ಕಂತಂತೂ ಬಿಡಿ. ಸಂಜೆ ಆರು ಗಂಟೆ, ಚರ್ಚ್ ತುಂಬಾ ದೀಪ! ಚರ್ಚಿನ ನಿಯಮದ ಪ್ರಕಾರ ಮದುವೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 12ರೊಳಗೆ ಆಗ್ಬೇಕಿತ್ತು, ಇಲ್ಲಾಂದ್ರೆ ಕ್ಯಾಂಟರ್ಬರಿ ಆರ್ಚ್‌ಬಿಷಪ್ ಕಡೆಯಿಂದ ಸ್ಪೆಷಲ್ ಲೈಸೆನ್ಸ್ ತರ್ಬೇಕು. ಅರ್ಲ್ ಅಂದ್ಮೇಲೆ ತರಬಹುದಿತ್ತು ಒಪ್ಪಿದೆ, ಆದ್ರೆ ಕತೇಲಿ ಅದರ ಮಾತೇ ಇಲ್ಲ. ಇದ್ದಿದ್ರೂ ಬೇಡ ಅಂತೀನಿ, ಯಾಕಂದ್ರೆ 12ರ ಗಡುವಲ್ಲಿರೋ ಮಜಾ ಎಲ್ಲೋಯ್ತು? ಇಬ್ಬರಿಗೂ ಚರ್ಚಿಗೆ ಮೊದಲು ಬಂದು ಇನ್ನೊಬ್ಬರಿಗೆ ಕಾಯೋದು ಅಂದ್ರೆ ಸೋತ ಹಾಗೆ. ಅವನು ಗೋಡೆ ಈ ಕಡೆ ಗಾಡೀಲಿ ಕೂತಿದಾನೆ, ಅವಳು ಆ ಕಡೆ ಗಾಡೀಲಿ ಕೂತಿದಾಳೆ, ಪಾದ್ರಿ ಬಾಗಿಲಲ್ಲಿ ನಿಂತು ಗಡಿಯಾರ ನೋಡ್ತಿದಾರೆ, 11 ಮುಕ್ಕಾಲು ಆಗಿದೆ. ಇದಕ್ಕೂ ಮುಂಚೆ ಬ್ಯಾನ್ಸ್ ಅಂತ ಇನ್ನೊಂದಿದೆ. ಲೈಸೆನ್ಸ್ ಇಲ್ದೋರಿಗೆ ಮೂರು ಭಾನುವಾರ ಚರ್ಚಲ್ಲಿ ಎಲ್ಲರ ಮುಂದೆ ಹೆಸರು ಓದಿ ಯಾರಿಗಾದ್ರೂ ಅಡ್ಡಿ ಇದೆಯಾ ಅಂತ ಕೇಳ್ತಾರೆ. ದೊಡ್ಡ ಮನೆಯೋರಿಗೆ ಇದು ಅವಮಾನ, ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡು ತಪ್ಪಿಸ್ಕೊತಿದ್ರು, ಹಾಗಾಗಿ ನಮ್ಮ ನಾಯಕಿ ಬೇಕಂತಲೇ ಬ್ಯಾನ್ಸೇ ಆಗ್ಲಿ ಅನ್ಬೇಕು. ಮೂರು ಭಾನುವಾರವೂ ಇನ್ನೊಬ್ಬರೇ ಎದ್ದು ನಿಂತು ಅಡ್ಡಿ ಹೇಳ್ಲಿ ಅಂತ ಇಬ್ಬರೂ ಕಾಯ್ತಾರೆ, ಯಾರು ಬಾಯಿ ಬಿಟ್ರೂ ಅವರೇ ಹೆದರಿದ ಹಾಗಾಗುತ್ತೆ, ಹಂಗಾಗಿ ಇಬ್ಬರೂ ತುಟಿ ಕಚ್ಕೊಂಡು ಕೂತು ಕೂತು ಮದುವೆನೇ ಆಗೋಗುತ್ತೆ! ಗಾಜಿನ ಮನೆ, ಚಿಕ್ಕಮ್ಮ ಎಲ್ಲಾ ಒಂದು ನೆಪ ಅಷ್ಟೇ ಆಗ್ತಿತ್ತು ಆವಾಗ.

ಈಗ ಹಳ್ಳದ ಕೇಸಿಗೆ ಬರ್ತೀನಿ, ನನಗೆ ಹೊಟ್ಟೆ ಉರಿದಿದ್ದು ಇದಕ್ಕೇ. ಆಗಿನ ಕಾನೂನಲ್ಲಿ ಮದುವೆ ಆದ್ಮೇಲೆ ಗಂಡ ಹೆಂಡ್ತಿ ಇಬ್ಬರೂ ಸೇರಿ ಒಂದೇ ವ್ಯಕ್ತಿ, ಆ ಒಬ್ಬ ವ್ಯಕ್ತಿ ಗಂಡ. ಅವಳ ಒಡವೆ, ನಗದು ಅವನದ್ದಾಗುತ್ತೆ, ಅವಳ ಜಮೀನಿನ ಗೇಣಿ ಅವನ ಕೈಗೆ ಹೋಗುತ್ತೆ. ಚರ್ಚಲ್ಲಿ ಮಾತ್ರ ಗಂಡು ನನ್ನ ಲೌಕಿಕ ಆಸ್ತಿ ಎಲ್ಲಾ ನಿನಗೆ ಕೊಟ್ಟೆ ಅಂತ ಹೇಳ್ಬೇಕು, ಹೆಣ್ಣು ನಿನ್ನ ಮಾತು ಕೇಳ್ತೀನಿ ಅಂತ ಹೇಳ್ಬೇಕು. ಎರಡರಲ್ಲಿ ಯಾವುದು ದೊಡ್ಡ ಸುಳ್ಳು ಅನ್ನೋದ್ರ ಮೇಲೇ ಇವರಿಬ್ಬರೂ ಮದುವೆ ಊಟ ಮುಗಿಯೋವರೆಗೆ ಕಿತ್ತಾಡಬಹುದಿತ್ತು. ಇರ್ಲಿ. ಒಂದೇ ವ್ಯಕ್ತಿ ಆದ್ಮೇಲೆ ತನ್ನ ಮೇಲೆ ತಾನೇ ಕೇಸ್ ಹಾಕೋಕಾಗಲ್ಲ ಅಲ್ವಾ, ಹಾಗಾಗಿ ಸಾಮಾನ್ಯ ಕೋರ್ಟುಗಳಲ್ಲಿ ಗಂಡ ಹೆಂಡ್ತಿ ಒಬ್ಬರ ಮೇಲೊಬ್ಬರು ದಾವೆ ಹೂಡೋ ಹಾಗೇ ಇರಲಿಲ್ಲ. ಅಷ್ಟು ವರ್ಷ ಸಾಕಿ ಬೆಳೆಸಿದ ಕೇಸು ಉಂಗುರ ಹಾಕಿದ ಕೂಡ್ಲೇ ಸತ್ತೋಯ್ತು! ಇಬ್ಬರಿಗೂ ಅದರ ದುಃಖ ಆಗ್ಬೇಕು ಕಣ್ರೀ, ಮದುವೆ ರಾತ್ರಿ ಇಬ್ಬರೂ ಕೂತು ಆ ಕೇಸಿನ ಹಳೇ ಕಾಗದ ಪತ್ರ ತೆಗೆದು ಓದ್ಬೇಕು. ಇನ್ನೂ ಇದೆ ಕೇಳಿ. ಮದುವೆಗೆ ಮುಂಚೆ ಅವಳು ಅವನಿಗೆ ಕೊಡ್ಬೇಕಿದ್ದ ಸಾಲ ಮದುವೆಯಿಂದ ವಜಾ ಆಗುತ್ತೆ, ಅವಳು ಬೇರೆಯವರಿಗೆ ಕೊಡ್ಬೇಕಿದ್ದ ಸಾಲಕ್ಕೆ ಅವನು ಹೊಣೆ ಆಗ್ತಾನೆ. ಏಳನೇ ಕಂತಲ್ಲಿ ಅವನು ಒಂದು ಕೇಸ್ ಗೆದ್ದು ಅವಳಿಂದ 200 ಪೌಂಡ್ ಪರಿಹಾರ ಬರ್ಬೇಕು ಅಂತ ಬರೆದಿದ್ರಲ್ಲ, ಲೆಕ್ಕ ಹಾಕಿ ನೋಡಿ, ಆ 200 ಪೌಂಡೂ ಹೋಯ್ತು, ಅವನ ವಿರುದ್ಧ ವಾದ ಮಾಡಿದ ಅವಳ ವಕೀಲನ ಫೀಸೂ ಈಗ ಅವನೇ ಕಟ್ಬೇಕು. ಇಂಥಾ ಚಿನ್ನದಂಥಾ ಸೀನ್ ಬಿಟ್ಟು ಚಂದ್ರನ ಬೆಳಕು ವರ್ಣಿಸ್ತಾ ಕೂತಿದ್ದಾರೆ ಲೇಖಕರು.

ಅವಳು ಬುದ್ಧಿವಂತೆ ಆದ್ರೆ ಎಲ್ಲಾನೂ ಅವನಿಗೆ ಬಿಟ್ಟುಕೊಡ್ತಾಳಾ ಅಂತ ಕೇಳಿದ್ರೆ, ಇಲ್ಲ, ಅದಕ್ಕೇ ಮದುವೆಗೆ ಮುಂಚೆ ಸೆಟ್ಲ್‌ಮೆಂಟ್ ಅಂತ ಒಂದು ಕರಾರು ಬರೀತಿದ್ರು. ಅವಳ ಆಸ್ತಿನ ಟ್ರಸ್ಟಿಗಳ ಹೆಸರಿಗೆ ಇಟ್ಟು ಗಂಡನ ಕೈಗೆ ಸಿಗದ ಹಾಗೆ ಮಾಡಬಹುದಿತ್ತು, ಕೈಖರ್ಚಿಗೆ ವರ್ಷಕ್ಕೆ ಇಷ್ಟು, ಗಂಡ ಸತ್ರೆ ಜೀವನಕ್ಕೆ ಇಷ್ಟು ಅಂತೆಲ್ಲಾ ಮೊದಲೇ ಬರೆದಿಡ್ತಿದ್ರು. ಇಬ್ಬರು ಹಳೇ ಕೇಸುದಾರರು, ಇಬ್ಬರ ವಕೀಲರು, ಒಂದು ಮೇಜು, ಹಳ್ಳ ಯಾರ ಕಡೆ ಅಂತ ಒಂದು ಕಲಮು. ನನ್ನ ಪ್ರಕಾರ ಇಡೀ ಕತೆಯ ಪ್ರೇಮದ ದೃಶ್ಯ ಅಂದ್ರೆ ಇದೇ ಆಗ್ಬೇಕಿತ್ತು, ಯಾಕಂದ್ರೆ ಅವಳು ಯಾವ ಮಾತಲ್ಲಿ ಏನು ಮೋಸ ಬಚ್ಚಿಟ್ಟಿದಾಳೆ ಅಂತ ಓದೋ ಮುಂಚೆನೇ ಅವನಿಗೆ ಗೊತ್ತಾಗುತ್ತೆ, ಅವನು ಎಲ್ಲಿ ಸುಮ್ನೆ ಕೂಗಾಡ್ತಾನೆ ಎಲ್ಲಿ ನಿಜವಾಗ್ಲೂ ಬಿಟ್ಟುಕೊಡಲ್ಲ ಅಂತ ಅವಳಿಗೆ ಗೊತ್ತು. ಪ್ರತಿಸ್ಪರ್ಧಿ ಅಂದ್ರೆ ವರ್ಷಗಟ್ಲೆ ನಿಮ್ಮನ್ನೇ ಗಮನ ಇಟ್ಟು ನೋಡಿದೋರು ತಾನೆ. ಬಾಲ್‌ರೂಮಲ್ಲಿ ಎರಡು ಡ್ಯಾನ್ಸ್ ಮಾಡಿ ಮದುವೆ ಆಗೋ ಜೋಡಿಗಳಿಗೆ ಅದರಲ್ಲಿ ಹತ್ತರಲ್ಲೊಂದು ಪಾಲೂ ಸಿಕ್ಕಿರಲ್ಲ.

ಇದಕ್ಕೆ ಉಲ್ಟಾ ಉದಾಹರಣೆ ಬೇಕಂದ್ರೆ ಆ ಕಾಲಕ್ಕೆ ಹೆಸರು ಕೊಟ್ಟ ಮನುಷ್ಯನೇ ಇದಾನೆ. ಅಪ್ಪ ಮೂರನೇ ಜಾರ್ಜ್‌ಗೆ ಬುದ್ಧಿ ಸ್ಥಿಮಿತ ತಪ್ಪಿ 1811ರಲ್ಲಿ ರೀಜೆಂಟ್, ಅಂದ್ರೆ ರಾಜನ ಬದಲು ಆಳೋನು ಆಗಿ ಕೂತ ಯುವರಾಜ ಜಾರ್ಜ್. ಅವನದ್ದೂ ಬಲವಂತದ ಮದುವೆನೇ. 6 ಲಕ್ಷ ಪೌಂಡಿಗೂ ಮೀರಿ ಸಾಲ ಮಾಡ್ಕೊಂಡಿದ್ದ, ಮದುವೆ ಆದ್ರೆ ಸಾಲ ತೀರ್ಸೋ ದಾರಿ ಆಗುತ್ತೆ ಅಂತ 1795ರಲ್ಲಿ ಮುಖಾನೇ ನೋಡದ, ಜರ್ಮನಿ ಕಡೆಯ ಬ್ರನ್ಸ್‌ವಿಕ್‌ನ ರಾಜಕುಮಾರಿ ಕ್ಯಾರೊಲಿನ್‌ಗೆ ಹೂಂ ಅಂದ. ಅಷ್ಟರಲ್ಲಿ ಆಗ್ಲೇ 1785ರಲ್ಲಿ ಮರಿಯಾ ಫಿಟ್ಜ್‌ಹರ್ಬರ್ಟ್ ಜೊತೆ ಗುಟ್ಟಾಗಿ ಮದುವೆ ಆಗಿತ್ತು, ರಾಜನ ಒಪ್ಪಿಗೆ ಇಲ್ಲ ಅಂತ ಕಾನೂನಲ್ಲಿ ಅದು ಲೆಕ್ಕಕ್ಕಿಲ್ಲ. ಕ್ಯಾರೊಲಿನ್‌ನ ಮೊದಲ ಸಲ ನೋಡಿದ್ದೇ, ಕರ್ಕೊಂಡು ಬಂದಿದ್ದ ಲಾರ್ಡ್ ಮಾಮ್ಸ್‌ಬರಿ ಕಡೆ ತಿರುಗಿ ನನಗೆ ಹುಷಾರಿಲ್ಲ, ಒಂದು ಗ್ಲಾಸ್ ಬ್ರಾಂದಿ ಕೊಡಿ ಅಂದನಂತೆ, ಅವಳೂ ಸುಮ್ನಿರಲಿಲ್ಲ, ಈಯಪ್ಪ ದಪ್ಪ ಇದಾನೆ, ಚಿತ್ರದಲ್ಲಿದ್ದಷ್ಟು ಚೆನ್ನಾಗಿಲ್ಲ ಅಂದಳಂತೆ, ಎರಡನ್ನೂ ಮಾಮ್ಸ್‌ಬರಿ ಡೈರೀಲಿ ಬರ್ಕೊಂಡಿದಾನೆ. ಮದುವೆಗೆ ವರ ಕುಡಿದೇ ಬಂದ. 1796ರಲ್ಲಿ ಮಗಳು ಹುಟ್ಟಿದ ಮೇಲೆ ಬೇರೆ ಆದ್ರು. 1820ರಲ್ಲಿ ಅವನು ರಾಜ ಆದಾಗ ಈ ಮದುವೆ ಮುರಿಯೋಕೆ ಲಾರ್ಡ್ಸ್ ಸಭೇಲಿ ವಿಚಾರಣೆ ನಡೆಸಿದ್ರು, ಬಿಲ್ ಕೊನೆಗೆ ಕೈಬಿಟ್ರು, ಮರುವರ್ಷ ಪಟ್ಟಾಭಿಷೇಕದ ದಿನ ಅವಳನ್ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಒಳಗೇ ಬಿಡಲಿಲ್ಲ, ಮೂರು ವಾರದೊಳಗೆ ತೀರ್ಕೊಂಡಳು. ಇಬ್ಬರೂ ಮಹಾ ಹಟಮಾರಿಗಳೇ. ಆದ್ರೆ ಒಬ್ಬರಿಗೊಬ್ಬರು ಪರಿಚಯಾನೇ ಇಲ್ಲ, ಕುತೂಹಲಾನೂ ಇಲ್ಲ, ದುಡ್ಡು ಕಾನೂನು ಎಲ್ಲಾ ಅವನ ಕಡೆ. ಅಲ್ಲಿ ನಗು ಮೊದಲ ಐದು ನಿಮಿಷಕ್ಕೇ ಖಾಲಿ. ನಿಮ್ಮ ಲೇಖಕರ ಜೋಡಿಗೆ ಪರಿಚಯ, ಕುತೂಹಲ ಎರಡೂ ಇತ್ತು, ಅದಕ್ಕೇ ನನಗೆ ಇಷ್ಟು ಸಿಟ್ಟು.

ಮುಂದಿನ ಕಂತುಗಳಿಗೆ ಇನ್ನೂ ಟೈಮಿದೆ. ಕತೆ ನಡೀತಿರೋದು 1816ರಲ್ಲಿ ಅಂತ ನೀವೇ ಹಾಕಿದೀರಿ, ಹಾಗಿದ್ಮೇಲೆ ಹೋದ ವಾರದ ಬಿಸಿಲಲ್ಲಿ ಪಿಕ್ನಿಕ್ ಎಲ್ಲಿಂದ ಬಂತು? ಹಿಂದಿನ ವರ್ಷ ಏಪ್ರಿಲಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಹೊಗೆ ಬಿಸಿಲಿಗೆ ಅಡ್ಡ ಬಂದು, 1816ರಲ್ಲಿ ಯುರೋಪಿಗೆ ಬೇಸಿಗೆನೇ ಬರಲಿಲ್ಲ, ಬರೀ ಚಳಿ, ಮಳೆ, ಬೆಳೆ ಹಾಳು. ಅಂದ್ರೆ ಇಬ್ಬರೂ ವಾರಗಟ್ಲೆ ಮನೆಯೊಳಗೇ! ಬೆಂಕಿ ಮುಂದೆ ಯಾರ ಕುರ್ಚಿ ಅಂತಾನೇ ಒಂದು ಕಂತು ಬರೀಬಹುದು. ಹಳ್ಳ ಉಕ್ಕಿ ಇಬ್ಬರ ಜಮೀನಿಗೂ ನುಗ್ಗಲಿ, ಇಷ್ಟು ದಿನ ನೀರು ನನ್ನದು ಅಂತಿದ್ದೋರು ಈಗ ನಿನ್ನದು ನಿನ್ನದು ಅನ್ನಲಿ. ಡ್ಯಾನ್ಸ್ ಬೇಕೇ ಬೇಕಂದ್ರೆ ಗಂಡು ಹೆಣ್ಣು ಒಬ್ಬರನ್ನೊಬ್ಬರು ಹಿಡ್ಕೊಂಡು ಸುತ್ತೋ ವಾಲ್ಟ್ಜ್ ಹಾಕಿ, ಅದೇ ವರ್ಷ ಜುಲೈನಲ್ಲಿ ರೀಜೆಂಟ್ ಕೊಟ್ಟ ಬಾಲ್‌ನಲ್ಲಿ ವಾಲ್ಟ್ಜ್ ಆಡ್ಸಿದ್ದಕ್ಕೆ ಟೈಮ್ಸ್ ಪತ್ರಿಕೆ ಅಸಭ್ಯ ವಿದೇಶಿ ಕುಣಿತ ಅಂತ ಉರಿದುಬಿದ್ದಿತ್ತು, ನಿಮ್ಮ ವೃತ್ತಿಯವರೇ ನೋಡಿ.

ಅವನು ಪಾರ್ಲಿಮೆಂಟಿಗೆ ಅಂತ ಲಂಡನ್ನಿಗೆ ಹೋಗ್ಲೇಬೇಕಲ್ಲ, ಆಗ ಕಾಗದ ಬರೀಲಿ. 1840ಕ್ಕೆ ಮುಂಚೆ ಸಾಮಾನ್ಯವಾಗಿ ಕಾಗದ ತಗೊಳ್ಳೋರೇ ಟಪ್ಪಾಲಿನ ದುಡ್ಡು ಕಟ್ತಿದ್ದಿದ್ದು, ಲಂಡನ್ನಿಂದ ನೂರು ಮೈಲಿ ದೂರಕ್ಕೆ ಒಂದು ಹಾಳೆಗೆ 9 ಪೆನ್ಸ್, ಎರಡು ಹಾಳೆ ಆದ್ರೆ ಡಬಲ್. ಲಾರ್ಡುಗಳು ಮೇಲೆ ಸಹಿ ಹಾಕಿದ್ರೆ ಫ್ರೀ. ಇವನು ಬೇಕಂತಲೇ ಸಹಿ ಹಾಕ್ದೆ, ಒಂದು ಹಾಳೇಲಿ ಬೈಗುಳ ಬರೆದು ಇನ್ನೊಂದು ಖಾಲಿ ಹಾಳೆ ಸೇರ್ಸಿ ಕಳಿಸಲಿ, ಅವಳು ದುಡ್ಡು ಕೊಟ್ಟು ಬಿಡಿಸ್ಕೊಂಡು ನೋಡಿ, ಆ ಖರ್ಚನ್ನೂ ಅವನ ಲೆಕ್ಕಕ್ಕೇ ಬರೆಸಿ ಎರಡು ಟೋಪಿ ಜಾಸ್ತಿ ಕೊಳ್ಳಲಿ, ಬಿಲ್ ಹೆಂಗಿದ್ರೂ ಗಂಡನಿಗೇ ಹೋಗೋದು.

ಕೊನೇದಾಗಿ, ಮುಂದಿನ ವಾರ ಓಡಿಹೋಗ್ತಿರೋ ಕುದುರೆ ಗಾಡಿಯಿಂದ ಅರ್ಲ್ ಅವಳನ್ನ ಕಾಪಾಡ್ತಾನೆ ಅಂತ ಮುನ್ಸೂಚನೆ ಹಾಕಿದೀರಿ. ದಯವಿಟ್ಟು ಬೇಡ. ಆ ಕಾಲದಲ್ಲಿ ಹೆಂಗಸರೂ ಗಾಡಿ ಓಡಿಸ್ತಿದ್ರು, ಲೆಟಿಶಿಯಾ ಲೇಡ್ ಅಂತ ಒಬ್ಬಳು ಓಡಿಸೋದ್ರಲ್ಲೂ ಬೈಯೋದ್ರಲ್ಲೂ ಹೆಸರುವಾಸಿ ಆಗಿದ್ದೋಳು. ಲಗಾಮು ಅವಳ ಕೈಗೆ ಕೊಡಿ, ಅವನು ಪಕ್ಕದಲ್ಲಿ ಕೂತು ಹಿಂಗಲ್ಲ ಹಂಗೆ ಅಂತ ಹೇಳ್ತಿರ್ಲಿ, ಗಾಡಿ ಕೆಸರಲ್ಲಿ ಹೂತ್ಕೊಳ್ಲಿ, ತಪ್ಪು ಯಾರದ್ದು ಅನ್ನೋದನ್ನ ಅದರ ಮುಂದಿನ ಕಂತಿಗೆ ಇಟ್ಕೊಳ್ಳಿ.

ಇಂತಿ,
ನಿಮ್ಮ ಪುರವಣಿಯ ಖಾಯಂ ಓದುಗ