ಮೊದಲ ವಾರ ಫೋನ್ ಎತ್ತಿದವರಿಗೆ

ಸಿಗರೇಟು ಬಿಟ್ಟು ತಿಂಗಳು ಕಳೆದವರಿಗೆ ಶಭಾಷ್ ಅನ್ನೋರು ಬಹಳ ಮಂದಿ. ಅವರೇ ಬಿಟ್ಟ ಎರಡನೇ ದಿನ ಎಲ್ಲರ ಮೇಲೂ ಹರಿಹಾಯುತ್ತಿದ್ದಾಗ ಸಹಿಸಿಕೊಂಡು ಫೋನ್ ಎತ್ತಿದವರು ಕೆಲವರೇ. ನಮ್ಮ ಗುಂಪಿನಲ್ಲಿ ಈ ಸಲ ತಿಂಗಳು ದಾಟಿದವರೆಲ್ಲರ ಪರವಾಗಿ ಆ ಕೆಲವರಿಗೆ ಈ ಕೃತಜ್ಞತೆ. ನಿಮಗೆ ಹೊಗಳಿಕೆ ಹಿಡಿಸುವುದಿಲ್ಲ, ಗೊತ್ತು. ಹಾಗಾಗಿ ನೀವು ಮಾಡಿದ್ದೇನು, ಅದು ಯಾಕೆ ಫಲಿಸಿತು ಅನ್ನುವುದನ್ನೇ ಬರೆಯುತ್ತೇವೆ. ಮುಂದೆ ಇನ್ನೊಬ್ಬರ ಜೊತೆ ನಿಲ್ಲುವವರಿಗೂ ಉಪಯೋಗವಾದೀತು.

ಬಿಡುವ ಹಿಂದಿನ ರಾತ್ರಿ ಜೇಬು, ಬ್ಯಾಗು, ಗಾಡಿ, ಮೇಜಿನ ಡ್ರಾಯರ್ ಎಲ್ಲವನ್ನೂ ಹುಡುಕಿಸಿದಿರಿ. ಬೂದಿಬಟ್ಟಲು, ಲೈಟರ್ ಕೂಡ ಹೊರಗೆ ಹೋದವು. 'ಯಾರಾದರೂ ಬಂದರೆ ಕೊಡೋಕೆ ಒಂದು ಪ್ಯಾಕು ಇರಲಿ' ಅಂದವರಿಗೆ ನೀವು ನಕ್ಕುಬಿಟ್ಟಿರಿ. ಆ ಅತಿಥಿ ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಸಿಗರೇಟಿನ ಚಟ ಹಿಡಿಸುವುದು ತಂಬಾಕಿನ ನಿಕೋಟಿನ್. ರಕ್ತದಲ್ಲಿ ಅದು ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಬಿಟ್ಟ ದಿನವೇ ಚಡಪಡಿಕೆ ಶುರು. ಎರಡನೇ, ಮೂರನೇ ದಿನ ಅದು ತಾರಕಕ್ಕೇರುತ್ತದೆ. ಸಿಟ್ಟು, ಮಂಕು, ಗಮನ ನಿಲ್ಲದಿರುವುದು, ವಿಪರೀತ ಹಸಿವು, ನಿದ್ದೆಗೇಡು ಎಲ್ಲ ಒಟ್ಟಿಗೆ ಬರುತ್ತವೆ. ಬಹುಮಟ್ಟಿಗೆ ತಣ್ಣಗಾಗಲು ಎರಡರಿಂದ ನಾಲ್ಕು ವಾರ ಬೇಕು. ಆದರೆ ಸೇದಲೇಬೇಕು ಅನ್ನುವ ಒಂದೊಂದು ಹಪಹಪಿಯ ಆಯಸ್ಸು ಸಾಮಾನ್ಯವಾಗಿ ಕೆಲವೇ ನಿಮಿಷ. ನಿಮ್ಮ ಸಹಾಯವೆಲ್ಲ ನಿಂತಿದ್ದು ಈ ಲೆಕ್ಕದ ಮೇಲೆಯೇ. 'ಸೇದಿಬಿಡ್ತೀನಿ' ಅಂತ ಮೆಸೇಜು ಬಂದರೆ 'ಹತ್ತು ನಿಮಿಷ ಮಾತಾಡಿ, ಆಮೇಲೆ ನೋಡೋಣ' ಅಂತ ಫೋನ್ ಮಾಡಿದಿರಿ. ಶ್ವಾಸಕೋಶದ ಪಾಠ ಹೇಳಲಿಲ್ಲ. ಸೇದುವವರಿಗೆ ಆ ಪಾಠ ಬಾಯಿಪಾಠ. ಈಗ ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ, ಕೈಯಲ್ಲಿ ಏನಿದೆ, ಇಷ್ಟೇ ಕೇಳಿ, ಕೂತಲ್ಲಿಂದ ಎಬ್ಬಿಸಿ ನಡೆಸಿದಿರಿ. ಮಾತು ಮುಗಿಯುವಷ್ಟರಲ್ಲಿ ಹಪಹಪಿಯೂ ಇಳಿದಿರುತ್ತಿತ್ತು.

ಇನ್ನು ನಿಕೋಟಿನ್ ಗಮ್, ಅಂದರೆ ಹೊಗೆಯಿಲ್ಲದೆ ಸ್ವಲ್ಪ ನಿಕೋಟಿನ್ ಕೊಟ್ಟು ಹಪಹಪಿ ತಗ್ಗಿಸುವ ಚೂಯಿಂಗ್ ಗಮ್. ಮೊದಲ ವಾರದ ಅರ್ಧ ಜಗಳ ಇದರದ್ದೇ. 'ನನಗೆ ಒಗ್ಗಲ್ಲ, ಬಿಕ್ಕಳಿಕೆ ಬರುತ್ತೆ, ಎದೆ ಉರಿಯುತ್ತೆ' ಅಂದವರಿಗೆ ನೀವು ಮೊದಲು ಕೇಳಿದ ಪ್ರಶ್ನೆ, 'ಹೇಗೆ ಅಗಿದಿರಿ?' ಉಳಿದ ಚೂಯಿಂಗ್ ಗಮ್ಮಿನಂತೆ ಒಂದೇ ಸಮ ಅಗಿದರೆ ನಿಕೋಟಿನ್ ಎಂಜಲ ಜೊತೆ ಹೊಟ್ಟೆಗಿಳಿಯುತ್ತದೆ. ಅಲ್ಲಿ ಸಂಕಟ ಮಾಡುತ್ತದೆಯೇ ಹೊರತು ಹಪಹಪಿಗೆ ಹೆಚ್ಚು ಉಪಯೋಗವಿಲ್ಲ, ಯಾಕೆಂದರೆ ಅದರ ಬಹುಪಾಲನ್ನು ಪಿತ್ತಜನಕಾಂಗ ಒಡೆದುಹಾಕುತ್ತದೆ. ಅದು ಹೀರಿಕೊಳ್ಳಬೇಕಾದ ಜಾಗ ಕೆನ್ನೆಯ ಒಳಮೈ. ಖಾರದಂಥ ಚುರುಕು ಬರುವ ತನಕ ನಿಧಾನವಾಗಿ ಅಗಿಯಬೇಕು, ಬಂದಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಡಬೇಕು, ಚುರುಕು ಅಡಗಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಬೇರೆ ಕಡೆ ಇಡಬೇಕು. ಹೀಗೆ ಒಂದು ತುಂಡು ಸುಮಾರು 30 ನಿಮಿಷ. ಅದಕ್ಕೆ 15 ನಿಮಿಷ ಮುಂಚಿನಿಂದ ಕಾಫಿ, ಹಣ್ಣಿನ ರಸ, ಸೋಡಾ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಒಳಹೋಗುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುತ್ತಿದ್ದವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ದಿನಕ್ಕೆ 24 ಮೀರದಂತೆ. ಜನ ತಪ್ಪುವುದು ಹೆಚ್ಚು ತಿಂದು ಅಲ್ಲ, ಕಡಿಮೆ ತಿಂದು. 'ಒಂದು ಚಟ ಬಿಡಿಸೋಕೆ ಇನ್ನೊಂದು ಚಟವಾ' ಅಂತ ಸಂಕೋಚಪಟ್ಟು ದಿನಕ್ಕೆ ಮೂರು ತುಂಡು ಅಗಿದು, ನಾಲ್ಕನೇ ದಿನ ಸಿಗರೇಟಿಗೆ ಮರಳುತ್ತಾರೆ. ಆ ಸಂಕೋಚ ಬಿಡಿಸಿದ್ದಕ್ಕೆ ನಿಮಗೆ ವಿಶೇಷ ಧನ್ಯವಾದ.

ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಅಂದರೆ ಪ್ಯಾಚ್ ಹಾಕಿಕೊಂಡವರದ್ದು ಬೇರೆ ಗೋಳು. ಒಂದೇ ಜಾಗಕ್ಕೆ ಅಂಟಿಸಿ ತುರಿಕೆ ಬರಿಸಿಕೊಂಡವರಿಗೆ ದಿನಕ್ಕೊಂದು ಜಾಗ, ಕೂದಲಿಲ್ಲದ ಒಣ ಚರ್ಮ ಎಂದಿರಿ. ವಿಚಿತ್ರ ಕನಸು ಬಿದ್ದು ಬೆಚ್ಚಿದವರಿಗೆ ಮಲಗುವ ಮುಂಚೆ ಕಿತ್ತುಬಿಡಿ ಎಂದಿರಿ. ಪ್ಯಾಚ್ ನಿಕೋಟಿನ್ ಬಿಡುವುದು ನಿಧಾನ, ಥಟ್ಟನೆ ಎದ್ದ ಹಪಹಪಿಗೆ ಅದು ಸಾಲುವುದಿಲ್ಲ. ಅದರ ಜೊತೆಗೆ ಗಮ್ಮೂ ಬೇಕಾಗಬಹುದು, ವೈದ್ಯರನ್ನು ಕೇಳಿ ಎಂದು ಕಳಿಸಿದವರೂ ನೀವೇ.

ಕಾಫಿಯ ಗುಟ್ಟು ಬಹಳ ಜನಕ್ಕೆ ಗೊತ್ತಿರಲಿಲ್ಲ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು, ನಿಕೋಟಿನ್ ಅಲ್ಲ, ಕೆಫೀನನ್ನು ಪಿತ್ತಜನಕಾಂಗ ಬೇಗ ಒಡೆಯುವಂತೆ ಮಾಡುತ್ತವೆ. ಹೊಗೆ ನಿಂತರೆ ಆ ವೇಗವೂ ಇಳಿಯುತ್ತದೆ. ಅದೇ ನಾಲ್ಕು ಲೋಟ ಕಾಫಿ ಈಗ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕೈ ನಡುಕ, ಎದೆಬಡಿತ, ನಿದ್ದೆ ಬಾರದಿರುವುದು ಎಲ್ಲವನ್ನೂ ಸಿಗರೇಟು ಬಿಟ್ಟ ಲೆಕ್ಕಕ್ಕೆ ಬರೆದು ಹೆದರುವವರಿಗೆ 'ಕಾಫಿ ಅರ್ಧ ಮಾಡಿ' ಅನ್ನುವ ಮೂರು ಪದ ಸಾಕಾಯಿತು. ಕೆಲವು ಮಾತ್ರೆಗಳ ಮಟ್ಟವೂ ಹೀಗೇ ಏರುತ್ತದೆ. ಆಸ್ತಮಾಕ್ಕೆ ಥಿಯೋಫಿಲಿನ್, ಮನೋರೋಗಕ್ಕೆ ಕ್ಲೋಜಪಿನ್, ಓಲಾಂಜಪಿನ್ ತೆಗೆದುಕೊಳ್ಳುವವರನ್ನು ಬಿಡುವ ಮೊದಲೇ ವೈದ್ಯರ ಬಳಿ ಕಳಿಸಿದಿರಲ್ಲ, ಅದು ಸಣ್ಣ ಉಪಕಾರವಲ್ಲ.

ಬಿಟ್ಟ ಮೇಲೆ ಕೆಮ್ಮು ಜಾಸ್ತಿಯಾಯಿತೆಂದು ಗಾಬರಿಯಾದವರಿಗೆ, ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕಸ ಗುಡಿಸತೊಡಗಿವೆ ಎಂದು ತಿಳಿಸಿದಿರಿ. ರಕ್ತ ಬಂದರೆ ಮಾತ್ರ ತಡಮಾಡಬೇಡಿ ಅನ್ನುವುದನ್ನೂ ಮರೆಯಲಿಲ್ಲ. ಮಲಬದ್ಧತೆಗೆ ನೀರು, ನಾರು, ನಡಿಗೆ. ಬಾಯಿ ಹುಣ್ಣು ತಾನಾಗಿ ಹೋಗುತ್ತದೆ.

ಎಡವಿದವರ ವಿಷಯ. 'ಒಂದು ಸೇದಿಬಿಟ್ಟೆ, ಎಲ್ಲಾ ಹಾಳಾಯ್ತು' ಎಂದಾಗ ನೀವು ಛೇ ಅನ್ನಲೂ ಇಲ್ಲ, 'ಪರವಾಗಿಲ್ಲ ಬಿಡಿ' ಎಂದು ಸುಮ್ಮನಾಗಲೂ ಇಲ್ಲ. ಉಳಿದ ಪ್ಯಾಕು ಎಲ್ಲಿದೆ ಎಂದು ಕೇಳಿ ಅದನ್ನು ನೆನೆಸಿ ಬಿಸಾಡಿಸಿದಿರಿ. ಒಂದು ಸಿಗರೇಟು ಎಡವಿದ್ದು, ಪ್ಯಾಕು ಇಟ್ಟುಕೊಂಡರೆ ಬಿದ್ದಂತೆ. ಆಮೇಲೆ ಅದು ಯಾವ ಹೊತ್ತಿನಲ್ಲಿ, ಯಾರ ಜೊತೆ, ಕುಡಿದಿದ್ದಾಗಲೋ ಜಗಳವಾದಾಗಲೋ ಎಂದು ಬರೆಸಿಕೊಂಡಿರಿ. ಹೆಚ್ಚಿನವರ ಚೀಟಿಯಲ್ಲಿ ಕುಡಿತವೇ ಇತ್ತು. ಮೊದಲ ಕೆಲವು ವಾರ ಅಂಥ ಕೂಟಗಳಿಂದ ದೂರವಿರಿ ಎಂದು ನೀವು ಮೊದಲೇ ಹೇಳಿದ್ದು ಸುಮ್ಮನೆ ಅಲ್ಲ. ಮಂಕು ಕವಿದು ಬದುಕೇ ಬೇಡ ಅನ್ನುವ ಮಾತು ಬಂದಾಗ ಮಾತ್ರ ನೀವೇ ನಿಭಾಯಿಸಲು ಹೋಗದೆ, ಫೋನ್ ಇಡದೆ, ಮನೆಯವರನ್ನೂ ವೈದ್ಯರನ್ನೂ ಸೇರಿಸಿದಿರಿ.

ಮನೆಯವರಿಗೂ ಒಂದು ಮಾತು ಸಲ್ಲಬೇಕು: ಮೂರನೇ ದಿನದ ಸಿಡುಕಿಗೆ ತಿರುಗಿ ಸಿಡುಕದೆ, 'ಹೀಗಾದರೆ ಸೇದುತ್ತಿದ್ದದ್ದೇ ವಾಸಿ' ಎಂಬ ಮಾತು ನಾಲಿಗೆ ತುದಿಗೆ ಬಂದರೂ ನುಂಗಿಕೊಂಡವರಿಗೆ.

ಇನ್ನೊಂದಿದೆ. ಮೊದಲ ವಾರ ಎಲ್ಲರೂ ವಿಚಾರಿಸುತ್ತಾರೆ. ಹಪಹಪಿ ಅಪರೂಪವಾಗಿ, 'ಇನ್ನು ಒಂದು ಸೇದಿದರೆ ಏನಾಗುತ್ತೆ' ಎಂಬ ಧೈರ್ಯ ಹುಟ್ಟುವುದು ಮೂರನೇ ವಾರದ ಹೊತ್ತಿಗೆ, ಯಾರೂ ವಿಚಾರಿಸದಿರುವಾಗ. ಆಗಲೂ ನಿಮ್ಮ ಕರೆ ಬರುತ್ತಿತ್ತು.