ಕಳೆದುಹೋದದ್ದಲ್ಲ, ಕಳವಾದದ್ದು

ಮಾನ್ಯ ಸಂಪಾದಕರೇ,

ನಮ್ಮ ಠಾಣಾ ವ್ಯಾಪ್ತಿಯಲ್ಲಿ ಕಳವು ಪ್ರಕರಣಗಳು ಗಣನೀಯವಾಗಿ ಇಳಿದಿವೆ ಎಂಬ ನಿಮ್ಮ ಗುರುವಾರದ ವರದಿಯನ್ನು ಓದಿದೆ. ಅವು ಇಳಿಯುವುದು ಹೇಗೆ ಎಂಬುದನ್ನು ಅದರ ಹಿಂದಿನ ದಿನವಷ್ಟೇ ಅದೇ ಠಾಣೆಯ ಬೆಂಚಿನ ಮೇಲೆ ಕುಳಿತು ಕಣ್ಣಾರೆ ಕಂಡು ಬಂದಿರುವುದರಿಂದ ಈ ಪತ್ರ ಬರೆಯಬೇಕಾಯಿತು.

ಬುಧವಾರ ಬೆಳಿಗ್ಗೆ ಹಳೆಯ ಬಸ್ ನಿಲ್ದಾಣದಲ್ಲಿ, ಬಸ್ ಹತ್ತುವ ನೂಕುನುಗ್ಗಲಿನಲ್ಲಿ, ನನ್ನ ಅಂಗಿಯ ಜೇಬಿನಲ್ಲಿದ್ದ ಮೊಬೈಲ್ ಫೋನನ್ನು ಎಗರಿಸಿದರು. ಜೇಬಿನ ಹೊಲಿಗೆ ಎರಡು ಬೆರಳಿನಷ್ಟು ಕಿತ್ತುಬಂದಿತ್ತು. ಹಿಂದಿನಿಂದ ತಳ್ಳುತ್ತಿದ್ದ ಇಬ್ಬರು ಯುವಕರು ಬಸ್ ಹತ್ತದೆ ಹಿಂದಿರುಗಿ ಓಡಿದ್ದನ್ನು ಕಂಡಕ್ಟರೂ ನೋಡಿದ್ದಾರೆ. ಕಳೆದ ದೀಪಾವಳಿಯಲ್ಲಿ ಮಗ 16,500 ರೂಪಾಯಿ ಕೊಟ್ಟು ಕೊಡಿಸಿದ ಫೋನು. ರಸೀದಿಯೂ ಪೆಟ್ಟಿಗೆಯೂ ಮನೆಯಲ್ಲಿದ್ದವು. ಅವೆರಡನ್ನೂ ಬರವಣಿಗೆಯ ದೂರನ್ನೂ ಹಿಡಿದು ಮೊದಲು ಬಸ್ ನಿಲ್ದಾಣಕ್ಕೆ ಹತ್ತಿರವಿರುವ ಠಾಣೆಗೆ ಹೋದರೆ, ನಿಲ್ದಾಣದ ಆ ಬದಿ ತಮಗೆ ಸೇರುವುದಿಲ್ಲವೆಂದು ಇಲ್ಲಿಗೆ ಕಳುಹಿಸಿದರು. ಇಲ್ಲಿ ದೂರು ಬರೆದುಕೊಳ್ಳುವ ರೈಟರ್ ಊಟಕ್ಕೆ ಹೋಗಿದ್ದರು. ಒಂದೂವರೆ ಗಂಟೆಯ ಊಟವೆಂದರೆ ಮದುವೆಯ ಊಟವೇ ಇರಬೇಕು.

ಬಂದವರು ದೂರನ್ನು ಓದಿ, ಕೆಂಪು ಪೆನ್ನು ತೆಗೆದು, ‘ಕಳವಾಗಿದೆ’ ಎಂಬುದರ ಮೇಲೆ ಗೆರೆ ಎಳೆದು, ಮೇಲ್ಗಡೆ ‘ಕಳೆದುಹೋಗಿದೆ’ ಎಂದು ದುಂಡಗೆ ಬರೆದು, ‘ಇದೊಂದು ತಿದ್ದಿ ಹೊಸದಾಗಿ ಬರೆದುಕೊಡಿ ಸಾರ್, ಐದು ನಿಮಿಷದ ಕೆಲಸ’ ಎಂದರು. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಅರ್ಜಿಗಳನ್ನು ಸ್ವೀಕರಿಸಿದ ನನಗೆ ಈ ತಿದ್ದುಪಡಿಯ ಮರ್ಮ ತಿಳಿಯದೆ ಇಲ್ಲ. ಕಳವಾಯಿತು ಎಂದರೆ ಅಲ್ಲೊಬ್ಬ ಕಳ್ಳನಿರುತ್ತಾನೆ, ಅವನನ್ನು ಹುಡುಕಬೇಕಾಗುತ್ತದೆ, ಸಿಗದಿದ್ದರೆ ‘ಸಿ’ ರಿಪೋರ್ಟ್, ಅಂದರೆ ಪತ್ತೆಯಾಗಲಿಲ್ಲವೆಂಬ ವರದಿ, ಬರೆದು ಕಾರಣ ಹೇಳಬೇಕಾಗುತ್ತದೆ. ಕಳೆದುಹೋಯಿತು ಎಂದರೆ ಅಲ್ಲಿರುವವನು ನಾನೊಬ್ಬನೇ, ಅದೂ ಎಚ್ಚರಗೇಡಿ. ಆಮೇಲೆ ಇ-ಲಾಸ್ಟ್ ಎಂಬ ಆ್ಯಪ್‌ನಲ್ಲಿ ನೀವೇ ನಮೂದಿಸಿಕೊಳ್ಳಿ ಎಂಬ ಸಲಹೆಯೂ ಬಂತು. ನಮೂದಿಸಲು ಹೋದರೆ ಒಟಿಪಿ ಬರುವುದು ಮೊಬೈಲಿಗೆ! ಮೊಬೈಲ್ ಎಲ್ಲಿದೆ ಎಂದು ಕೇಳಿದ್ದಕ್ಕೆ, ‘ಮನೆಯಲ್ಲಿ ಬೇರೆ ಯಾರದೂ ನಂಬರ್ ಇಲ್ಲವೇ’ ಎಂದು ನನ್ನನ್ನೇ ಗದರಿದರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮನ್ನು ಆ ಠಾಣೆಯಲ್ಲಿ ಯಾರೂ ಓದಿಲ್ಲವೆಂದು ನಾನು ನಂಬುವುದಿಲ್ಲ. ಸಂಜ್ಞೇಯ ಅಪರಾಧದ, ಅಂದರೆ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿಯನ್ನು, ಅದು ಯಾವ ಠಾಣೆಯ ಸರಹದ್ದಿನಲ್ಲೇ ನಡೆದಿರಲಿ, ದಾಖಲಿಸಿಕೊಳ್ಳಬೇಕು, ಅದರ ಪ್ರತಿಯನ್ನು ದೂರುದಾರನಿಗೆ ಕೂಡಲೇ ಪುಕ್ಕಟೆಯಾಗಿ ಕೊಡಬೇಕು ಎಂದು ಅದು ಹೇಳುತ್ತದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವಾಗಿದ್ದರೆ ಅದು ಅಸಂಜ್ಞೇಯವೆಂಬ ನೆಪವಾದರೂ ಇರುತ್ತಿತ್ತು. ನನ್ನ ರಸೀದಿ ಅದಕ್ಕೂ ಎಡೆಗೊಡುವುದಿಲ್ಲ. ಇಂಥ ಪ್ರಕರಣಗಳಲ್ಲಿ ಹದಿನಾಲ್ಕು ದಿನಗಳ ಪ್ರಾಥಮಿಕ ವಿಚಾರಣೆಗೆ ಹೊಸ ಕಾನೂನಿನಲ್ಲಿ ಅವಕಾಶವಿದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು, ಕೆಂಪು ಪೆನ್ನು ಸಾಲದು. ಹಳೆಯ ಕಾನೂನು ಇದ್ದಾಗಲೇ, 2013ರ ನವೆಂಬರ್‌ನಲ್ಲಿ, ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದೂ, ದಾಖಲಿಸದ ಅಧಿಕಾರಿಯ ಮೇಲೆ ಕ್ರಮ ಜರುಗಿಸಬೇಕೆಂದೂ ಹೇಳಿತ್ತು. ಇದನ್ನು ನಾನು ಹೇಳಿದಾಗ ಅಲ್ಲಿದ್ದ ಎಎಸ್‌ಐ ಒಬ್ಬರು ಬಹಳ ವಿನಯದಿಂದ, ‘ತಾವು ಲಾಯರಾ?’ ಎಂದು ಕೇಳಿದರು.

ಫೋನಿಲ್ಲದ ನನ್ನ ಮೂರು ದಿನಗಳ ಪಾಡನ್ನು ಹೇಳಿ ಮುಗಿಯದು. ಗ್ಯಾಸ್ ಸಿಲಿಂಡರ್ ತಂದವನು ಒಟಿಪಿ ಇಲ್ಲವೆಂದು ವಾಪಸು ಹೊತ್ತುಕೊಂಡು ಹೋದ. ಬ್ಯಾಂಕಿನಲ್ಲಿ ಖಾತೆ ತಡೆಹಿಡಿಯಲು ಅರ್ಜಿ ಬರೆದರೆ, ಪಿಂಚಣಿಯೂ ಅದರೊಳಗೇ ಸಿಕ್ಕಿಕೊಂಡಿತು. ಹೊಸ ಸಿಮ್ ಕೊಡಲು ಪೊಲೀಸ್ ಸ್ವೀಕೃತಿ ತನ್ನಿ ಎಂದರು. ಕೊನೆಗೆ ಸೊಸೆಯ ನಂಬರಿನಿಂದ ಆ ಇ-ಲಾಸ್ಟ್ ಚೀಟಿಯನ್ನೇ ತೆಗೆಸಬೇಕಾಯಿತು, ಅಂದರೆ ನಾನು ಫೋನನ್ನು ಕಳೆದುಕೊಂಡೆನೆಂದು ನಾನೇ ಸುಳ್ಳು ಹೇಳಬೇಕಾಯಿತು. ಹೀಗೆ ನಿಮ್ಮ ವರದಿಯಲ್ಲಿನ ಇಳಿಕೆಗೆ ನನ್ನ ಕಾಣಿಕೆಯೂ ಸಂದಿದೆ. ಇಂಥ ಚೀಟಿಗಳೆಷ್ಟು ಹೊರಬಿದ್ದಿವೆ ಎಂದು ತಮ್ಮ ವರದಿಗಾರರು ಒಂದು ಮಾತು ಕೇಳಿದ್ದರೆ ಆ ತಲೆಬರಹ ಬೇರೆಯಾಗುತ್ತಿತ್ತೇನೋ.

ಠಾಣೆ ನಿರಾಕರಿಸಿದರೆ ದೂರಿನ ಸಾರಾಂಶವನ್ನು ಲಿಖಿತವಾಗಿ, ಅಂಚೆಯ ಮೂಲಕ, ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳುಹಿಸಬಹುದೆಂದು ಅದೇ ಕಲಮು ಹೇಳುತ್ತದೆ. ಅಂಚೆ ಕಚೇರಿಯ ಎದುರಿಗೇ ಎಸ್‌ಪಿ ಕಚೇರಿಯ ಗೇಟಿದೆ. ಆದರೂ ಕಾನೂನಿನ ಮಾತು ಮೀರಬಾರದೆಂದು ಶುಕ್ರವಾರ ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ರಸ್ತೆ ದಾಟಲು ಅದಕ್ಕೆ ಎಷ್ಟು ದಿನ ಬೇಕೋ ನೋಡೋಣ. ಅಲ್ಲಿಯೂ ಆಗದಿದ್ದರೆ ಅಫಿಡವಿಟ್ ಲಗತ್ತಿಸಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಂತೆ. ಪರಿಚಯದ ವಕೀಲರು ಕೇಳಿದ ಶುಲ್ಕದಲ್ಲಿ ಅರ್ಧ ಫೋನು ಬರುತ್ತದೆ.

ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ‘ಸಕಾಲ’ ಯೋಜನೆಯ ಕಥೆಯೂ ಇದೇ ಅಲ್ಲವೇ? 2012ರ ಏಪ್ರಿಲ್‌ನಲ್ಲಿ ‘ಇಂದು, ನಾಳೆ ಇನ್ನಿಲ್ಲ’ ಎಂದು ಬೋರ್ಡು ಬರೆಸಿದವರು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವೆಂದು ಕಾಯಿದೆಯಲ್ಲೇ ಸೇರಿಸಿದರು. ನನ್ನ ವಂಶವೃಕ್ಷ ಪ್ರಮಾಣಪತ್ರ ಗಡುವು ಮುಗಿದು ಎರಡು ತಿಂಗಳಾದ ಮೇಲೆ ಬಂದಾಗ ಆ ಹಣ ಕೇಳಿದ್ದಕ್ಕೆ, ‘ಮುಂದೆಯೂ ಇಲ್ಲಿ ಕೆಲಸ ಇರುತ್ತದಲ್ಲ ಯಜಮಾನರೇ’ ಎಂದಿದ್ದರು. ಹಕ್ಕನ್ನು ಕಾಗದದ ಮೇಲೆ ಕೊಟ್ಟು, ಕೇಳಿದವನನ್ನು ತರಲೆಯೆಂದು ಕರೆಯುವುದರಲ್ಲಿ ನಮ್ಮ ಕಚೇರಿಗಳೆಲ್ಲ ಒಂದೇ ಗರಡಿಯಲ್ಲಿ ಪಳಗಿದವು. ನಾನೂ ಅಲ್ಲಿಂದಲೇ ಬಂದವನು, ಮುಚ್ಚಿಡುವುದಿಲ್ಲ.

ಆದ್ದರಿಂದ ವರಿಷ್ಠಾಧಿಕಾರಿಗಳು ನನ್ನ ದೂರಿನ ಮೇಲೆ ಎಫ್‌ಐಆರ್ ದಾಖಲು ಮಾಡಿಸಬೇಕು. ಇಲ್ಲವಾದರೆ ಈ ವರ್ಷ ಎಷ್ಟು ಫೋನುಗಳು ‘ಕಳೆದುಹೋದವು’ ಎಂಬ ಲೆಕ್ಕವನ್ನಾದರೂ ಪತ್ರಿಕೆಗೆ ಕೊಡಬೇಕು. ಎರಡೂ ಆಗುವುದಿಲ್ಲವೆಂದಾದರೆ ಆ ರೈಟರ್ ಕೈಯಿಂದ ಕೆಂಪು ಪೆನ್ನನ್ನಾದರೂ ಕಿತ್ತುಕೊಳ್ಳಲಿ. ಅದಕ್ಕೂ ಮೇಲಿನ ಆದೇಶ ಬೇಕೆಂದರೆ ಇವರಿಗೆ ಏನು ಹೇಳುವುದು!

– ಒಬ್ಬ ನಿವೃತ್ತ ಗುಮಾಸ್ತ